ಅತ್ತೆ ನನ್ನನ್ನು ಪಾಸು ಮಾಡಿಸಲು ಹೊರಟದ್ದು

ನಮ್ಮ ಅತ್ತೆಗೆ ಒಂದು ವಿದ್ಯೆ ಗೊತ್ತಿತ್ತು. ಸಕ್ಕರೆ ಬೇನೆ ಇದ್ದವರನ್ನು ಸಕ್ಕರೆ ಪರೀಕ್ಷೆಯಲ್ಲಿ ಪಾಸು ಮಾಡಿಸುವ ವಿದ್ಯೆ. ಮಾವ ನಾಗಪುರದ ಒಂದು ಕಾರ್ಖಾನೆಯಲ್ಲಿ ಮಷೀನಿನ ಮೇಲೆ ಕೆಲಸ ಮಾಡಿದವರು. ಅಲ್ಲಿ ವರ್ಷಕ್ಕೊಮ್ಮೆ ಎಲ್ಲರಿಗೂ ಮೆಡಿಕಲ್ ಆಗುತ್ತಿತ್ತು. ರಕ್ತದಲ್ಲಿ ಸಕ್ಕರೆ ಸಿಕ್ಕಿತೋ, ಮಷೀನಿನಿಂದ ಇಳಿಸಿ ಗೇಟಿನ ಹತ್ತಿರ ಸ್ಟೂಲಿನ ಮೇಲೆ ಕೂರಿಸಿಬಿಡುತ್ತಿದ್ದರು. ಕ್ವಾರ್ಟರ್ಸಿನ ಹೆಂಗಸರಿಗೆ ಆ ಸ್ಟೂಲೆಂದರೆ ಸಾವಿಗಿಂತ ಹೆಚ್ಚಿನ ಅವಮಾನ. ಹಾಗಾಗಿ ಮೆಡಿಕಲ್ ಹತ್ತಿರ ಬಂತೆಂದರೆ ಆ ಸಾಲಿನ ಮನೆಗಳಲ್ಲೆಲ್ಲ ಅನ್ನ ಬಂದ್, ಬೆಲ್ಲ ಬಂದ್, ಬೆಳಿಗ್ಗೆ ಹಾಗಲಕಾಯಿ ರಸ, ಸಂಜೆ ಮೆಂತ್ಯದ ನೀರು. ಈ ವಿಷಯದಲ್ಲಿ ಅತ್ತೆಯೇ ಇಡೀ ಸಾಲಿಗೆ ಗುರು. ಮರಾಠಿ ಹೆಂಗಸರೂ ಬಂದು ಕೇಳಿಕೊಂಡು ಹೋಗುತ್ತಿದ್ದರು. ಮಾವ ಒಂದು ವರ್ಷವೂ ಫೇಲಾಗಲಿಲ್ಲ. ನಿವೃತ್ತರಾದ ಮೇಲೆ ಅವರ ಬಲಗಾಲಿನ ಹೆಬ್ಬೆರಳು ಕೊಳೆತು, ಅದನ್ನು ಕತ್ತರಿಸಿ ತೆಗೆದರು. ಅದು ಬೇರೆ ಮಾತು.

ನಾನು ಆ ಮನೆಗೆ ಗದಗಿನಿಂದ ಸೊಸೆಯಾಗಿ ಬಂದದ್ದು ತೊಂಬತ್ತರ ದಶಕದಲ್ಲಿ. ಮರಾಠಿ ಒಂದಕ್ಷರ ಬರುತ್ತಿರಲಿಲ್ಲ. ಬಂದ ವರ್ಷವೇ ಬಸಿರಾದೆ. ಏಳು ತಿಂಗಳಿಗೆ ಬಿದ್ದ ಮೇಲೆ ಕುಬಸ, ಅಂದರೆ ಸೀಮಂತ, ಮಾಡುವುದು, ಅವ್ವ ಬುತ್ತಿ ಹೊತ್ತುಕೊಂಡು ಬರುವುದು, ಹೋಗುವಾಗ ನನ್ನನ್ನೂ ಕರೆದುಕೊಂಡು ಹೋಗುವುದು ಎಂದು ಮಾತಾಗಿತ್ತು. ಚೊಚ್ಚಲ ಬಾಣಂತನ ತವರಿನದು. ಜೈಲಿನಲ್ಲಿದ್ದವರು ಜಾಮೀನು ಕಾಯುವ ಹಾಗೆ ನಾನು ಆ ದಿನ ಕಾಯುತ್ತಿದ್ದೆ.

ಅಷ್ಟರಲ್ಲಿ ಈ ಪರೀಕ್ಷೆ ಬಂತು. ಸೀತಾಬರ್ಡಿ ಪೇಟೆಯ ಡಾಕ್ಟರಮ್ಮ ನನ್ನ ಹೊಟ್ಟೆ ಮುಟ್ಟಿ ನೋಡಿ, ಅತ್ತೆಯ ಕಡೆ ತಿರುಗಿ ಮರಾಠಿಯಲ್ಲಿ ಬಹಳ ಹೊತ್ತು ಹೇಳಿದರು. ಅತ್ತೆ ಪ್ರತಿ ಮಾತಿಗೂ "ಹೋ, ಹೋ" ಎಂದು ತಲೆಯಾಡಿಸಿದರು. ಮೆಟ್ಟಿಲು ಇಳಿಯುವಾಗ ಕೇಳಿದೆ.

"ಏನಂದ್ರರೀ ಅತ್ತಿ?"

"ಗ್ಲೂಕೋಸ್ ಕುಡಿಸಿ ರಕ್ತದಾಗ ಸಕ್ರಿ ನೋಡತಾರಂತ. ಮೂರು ದಿನ ಅನ್ನ, ರೊಟ್ಟಿ, ಸೀ ಏನೂ ಮುಟ್ಟಬ್ಯಾಡ ಅಂದಾರ."

"ಅಷ್ಟುದ್ದ ಮಾತಾಡಿದ್ರಲ್ಲರಿ?"

"ಮರಾಠಿ ಅಂದ್ರ ಹಂಗ. ಉದ್ದ ಇರತೈತಿ."

ಆಟೋ ಹತ್ತುವ ಮೊದಲು ಪೇಟೆಯಲ್ಲಿ ನಿಂತು ಆರಿಸಿ ಆರಿಸಿ ಹಾಗಲಕಾಯಿ ಕೊಂಡರು. "ಪಾಸಾದ್ರ ಗದಗಕ್ಕ ಹೋಗು, ನಾ ಬ್ಯಾಡನ್ನೂದಿಲ್ಲ. ಸಕ್ರಿ ಬಂತಂದ್ರ ಮಾತ್ರ ಎಲ್ಲೂ ಕಳಸೂದಿಲ್ಲ. ನಾಳೆ ಏನರ ಆದ್ರ ನಮ್ಮ ಹೆಸರಿಗೆ ಬರತೈತಿ," ಎಂದರು.

ಮೂರು ದಿನ ನನಗೆ ಸಿಕ್ಕದ್ದು ಸೌತೆಕಾಯಿ, ಬೇಯಿಸಿದ ಮೆಂತ್ಯದ ಸೊಪ್ಪು, ನೀರು ಮಜ್ಜಿಗೆ ಮತ್ತು ಆ ಹಸಿರು ವಿಷ. ಹೊಟ್ಟೆಯೊಳಗಿನ ಕೂಸು ಒದೆಯುತ್ತಿತ್ತು. ನಲ್ಲಿಯ ಹತ್ತಿರ ಕೊಡ ಎತ್ತಲು ಬಗ್ಗಿದಾಗ ಕಣ್ಣು ಕತ್ತಲೆ ಬಂದು ಅಲ್ಲೇ ಕುಕ್ಕರಿಸಿದೆ. ಒಂದು ಚೂರು ರೊಟ್ಟಿ ಕೊಡಿ ಎಂದರೆ ಅತ್ತೆ, "ಮಕ್ಕಳ ಹಡಿಯೂದು ಹುಡುಗಾಟಕಿ ಅಂತ ತಿಳದೀಯೇನು?" ಎಂದು ರೊಟ್ಟಿಯ ಬುಟ್ಟಿಯನ್ನು ಅಟ್ಟದ ಮೇಲಿಟ್ಟರು. ಬ್ಯಾಂಕಿನಿಂದ ಬಂದ ಗಂಡನಿಗೆ ಹೇಳಿಕೊಂಡೆ. "ಅವ್ವಗ ಇದೆಲ್ಲಾ ಬರೋಬರ್ ಗೊತ್ತೈತಿ, ಸುಮ್ನಿರು," ಎಂದರು. ಕಿತ್ತಳೆಯ ಕಾಲ. ನನ್ನ ಮೇಲಿನ ಕರುಣೆಯಿಂದ ಆ ಮಹಾರಾಯರು ಹಣ್ಣನ್ನು ಒಳಗೆ ತಿನ್ನದೆ ಹೊರಗಿನ ಕಟ್ಟೆಯ ಮೇಲೆ ಕೂತು ಸುಲಿದು ತಿಂದರು. ವಾಸನೆಗೆ ಬಾಗಿಲು ಹಾಕಲು ಬರುತ್ತದೆಯೇ? ಮಾವ ಬ್ಯಾಂಡೇಜಿನ ಕಾಲನ್ನು ಕುರ್ಚಿಯ ಮೇಲೆ ಚಾಚಿಕೊಂಡು ನನ್ನ ಕೈಯಲ್ಲಿದ್ದ ರಸದ ಲೋಟ ನೋಡಿ, "ಕುಡಿಯವ್ವಾ. ನಾ ಒಂದು ವರ್ಷನೂ ಫೇಲಾಗಿಲ್ಲ," ಎಂದರು. ಅದು ಸಮಾಧಾನವೋ ಗೇಲಿಯೋ ಇವತ್ತಿಗೂ ನನಗೆ ತಿಳಿಯದು.

ಪರೀಕ್ಷೆಯ ದಿನ ಗ್ಲೂಕೋಸ್ ಪುಡಿ, ಲೋಟ, ಚಮಚ ಮನೆಯಿಂದಲೇ ಒಯ್ದೆವು. ಮೊದಲು ಬರೀ ಹೊಟ್ಟೆಯಲ್ಲಿ ರಕ್ತ ತೆಗೆದರು. ಆಮೇಲೆ ಲ್ಯಾಬಿನ ಹೆಂಗಸು ಪುಡಿ ಕಲಸಿ ಲೋಟ ಕೈಗಿತ್ತಳು. ಬಹಳ ಜನ ವಾಂತಿ ಮಾಡಿಕೊಳ್ಳುತ್ತಾರೆ, ನಿಧಾನವಾಗಿ ಕುಡಿ ಎಂದು ಕೈಸನ್ನೆ ಮಾಡಿದಳು. ನಾನು ಒಂದೇ ಗುಟುಕಿಗೆ ಇಳಿಸಿ, ತಳದಲ್ಲಿ ಉಳಿದದ್ದನ್ನು ಬೆರಳಿನಿಂದ ಬಳಿದು ನೆಕ್ಕಿದೆ. ಜನ್ಮದಲ್ಲಿ ಅಷ್ಟು ರುಚಿಯಾದದ್ದನ್ನು ತಿಂದಿರಲಿಲ್ಲ. ಮತ್ತೆ ಮತ್ತೆ ಸೂಜಿ ಚುಚ್ಚಿಸಿಕೊಳ್ಳುತ್ತ ಬೆಂಚಿನ ಮೇಲೆ ಕೂತಿದ್ದಾಗ, ಪಕ್ಕದಲ್ಲಿ ಅತ್ತೆ ಬೇರೆ ಬಸುರಿಯರ ಅತ್ತೆಯಂದಿರಿಗೆ ಹಾಗಲಕಾಯಿಯ ಪಾಠ ಹೇಳಿಕೊಡುತ್ತಿದ್ದರು.

ನಾನು ಫೇಲಾದೆ.

ಕಾಗದ ನೋಡಿದ ಡಾಕ್ಟರಮ್ಮ ಹುಬ್ಬು ಗಂಟಿಕ್ಕಿ, ಈ ಸಲ ಅತ್ತೆಯನ್ನು ಬಿಟ್ಟು ನನ್ನನ್ನೇ ಹಿಂದಿಯಲ್ಲಿ ಕೇಳಿದರು. ಶಾಲೆಯಲ್ಲಿ ಕಲಿತ ಹಿಂದಿ ಅಷ್ಟಿಷ್ಟು ಬರುತ್ತಿತ್ತು. ಮೂರು ದಿನ ಸರಿಯಾಗಿ ಉಂಡಿದ್ದೆಯಾ, ಅನ್ನ, ಚಪಾತಿ ಎಲ್ಲ? ನೀವೇ ಬೇಡ ಎಂದಿದ್ದಿರಲ್ಲ ಎಂದೆ. ಅವರು ಅತ್ತೆಯ ಮುಖ ನೋಡಿದರು. ಆಮೇಲೆ ಮಗುವಿಗೆ ಹೇಳುವ ಹಾಗೆ ನಿಧಾನವಾಗಿ ಹೇಳಿದರು: ಉಪವಾಸ ಕೆಡವಿದ ಮೈಗೆ ಒಮ್ಮೆಲೇ ಅಷ್ಟು ಸಕ್ಕರೆ ಸುರಿದರೆ ಅದು ತಡೆದುಕೊಳ್ಳುವುದಿಲ್ಲ, ಬೇನೆ ಇಲ್ಲದವರಿಗೂ ಹೆಚ್ಚು ತೋರಿಸಬಹುದು. ಅದಕ್ಕೇ ಮೂರು ದಿನ ಎಂದಿನಂತೆ ಹೊಟ್ಟೆ ತುಂಬ ಉಣ್ಣಲಿ, ಹಿಂದಿನ ರಾತ್ರಿ ಮಾತ್ರ ಉಪವಾಸ ಇರಲಿ ಎಂದು ಹೇಳಿದ್ದು. ಉಂಡು ಇನ್ನೊಮ್ಮೆ ಬನ್ನಿ. ಅತ್ತೆ ಅದಕ್ಕೂ "ಹೋ, ಹೋ" ಎಂದರು.

ಮನೆಗೆ ಬಂದು ನಾನು ಮೊದಲ ಸಲ ಆ ಮನೆಯಲ್ಲಿ ಧ್ವನಿ ಎತ್ತಿದೆ. "ಉಣ್ಣಸ್ರಿ ಅಂತ ಹೇಳಿದ್ರಂತ! ನನಗ್ಯಾಕ ಸುಳ್ಳು ಹೇಳಿದ್ರಿ?"

"ಆಕಿಗೇನು ತಿಳೀತೈತಿ?" ಎಂದರು ಅತ್ತೆ, ನಾಚಿಕೆಯ ಸುಳಿವೂ ಇಲ್ಲದೆ. "ನಿಮ್ಮ ಮಾವನ್ನ ಅಷ್ಟು ವರ್ಷ ಪಾಸ್ ಮಾಡಿಸಿದಾಕಿ ನಾ. ನಿನ್ನ ಮೈಯಾಗ ಸಕ್ರಿ ತುಂಬಿತ್ತು, ಹಾಗಲಕಾಯಿ ಏನು ಮಾಡೀತು? ತವರಿಂದ ತಂದ ರೋಗ ಅದು."

ಇನ್ನೊಮ್ಮೆ ಪರೀಕ್ಷೆ ಮಾಡಿಸಿ ಎಂದು ಗಂಡನ ಕಾಲು ಹಿಡಿದೆ. ಅವರು, "ಅವ್ವನ್ನ ಕೇಳು," ಎಂದರು. ಒಮ್ಮೆ ಫೇಲಾದವರು ಫೇಲು ಎಂದು ಅತ್ತೆ ತೀರ್ಪು ಕೊಟ್ಟಾಗಿತ್ತು. ಬಹಳ ವರ್ಷ ನಾನು ಇದನ್ನು ಹೊಟ್ಟೆಕಿಚ್ಚು ಎಂದುಕೊಂಡಿದ್ದೆ. ಅಲ್ಲ. ಅವರು ಮನಸಾರೆ ನನ್ನನ್ನು ಪಾಸು ಮಾಡಿಸಲೆಂದೇ ಹೊರಟಿದ್ದರು. ನನ್ನ ರಕ್ತ ಕುದಿಯುವುದು ಅದಕ್ಕೇ. ಕೇಡು ಮಾಡುವವರಿಗೆ ಒಂದಲ್ಲ ಒಂದು ದಿನ ತಾವು ಮಾಡಿದ್ದು ಕೇಡು ಎಂದು ಗೊತ್ತಾದೀತು. ಇವರಿಗೆ ಗೊತ್ತಾಗುವ ದಾರಿಯೇ ಇರಲಿಲ್ಲ.

ಕುಬಸಕ್ಕೆ ಅವ್ವ ಬಂದಳು. ರೈಲು ಬದಲಿಸಿ ಬದಲಿಸಿ, ಬಿಳಿ ಬಟ್ಟೆ ಕಟ್ಟಿದ ಬುಟ್ಟಿಯನ್ನು ತೊಡೆಯ ಮೇಲೆಯೇ ಇಟ್ಟುಕೊಂಡು ಬಂದಿದ್ದಳು. ಹೋಳಿಗೆ, ಕರಿಗಡುಬು, ಐದು ತರದ ಉಂಡಿ. ಅತ್ತೆ ನೆರೆದ ಹೆಂಗಸರ ನಡುವೆ ಬಟ್ಟೆ ಬಿಚ್ಚಿ, "ಆಕಿಗೆ ಸಕ್ರಿ ಬ್ಯಾನಿ ಐತ್ರಿ, ಆಕಿ ಕಡೆ ಒಯ್ಯಬ್ಯಾಡ್ರಿ," ಎಂದು ಎಲ್ಲವನ್ನೂ ಹಂಚಿಬಿಟ್ಟರು. ಹಸಿರು ಸೀರೆ ಉಟ್ಟು, ಹಸಿರು ಬಳೆ ತೊಟ್ಟು ಕೂತ ನನ್ನ ಬಾಯಿಗೆ ಸೌತೆಕಾಯಿಯ ಹೋಳು ಇಟ್ಟರು. ಅವ್ವ ಕೈ ಮುಗಿದಳು. "ಕಳಿಸಿಕೊಡ್ರಿ ಅಕ್ಕಾರ, ನಾ ಕಣ್ಣಾಗ ಎಣ್ಣಿ ಹಾಕ್ಕೊಂಡು ಕಾಯತೇನಿ."

"ರೋಗ ಕೊಟ್ಟವರ ಕೈಯಾಗ ಬಾಣಂತನ ಕೊಡೂದು ಹೆಂಗರಿ?" ಎಂದರು ಅತ್ತೆ.

ಬುತ್ತಿ ತಂದ ಬುಟ್ಟಿಯನ್ನು ಖಾಲಿ ಕಳಿಸಬಾರದು. ಶಾಸ್ತ್ರ ಬಿಡದ ಅತ್ತೆ ಅದಕ್ಕೆ ಕಿತ್ತಳೆ ತುಂಬಿಸಿದರು. ಅವ್ವ ಮಗಳ ಬದಲು ಕಿತ್ತಳೆ ಕರೆದುಕೊಂಡು ರೈಲು ಹತ್ತಿದಳು.

ನಾಗಪುರದಲ್ಲೇ ಹಡೆದೆ. ಕೂಸು ಗಟ್ಟಿಮುಟ್ಟಾಗಿತ್ತು, ನನ್ನ ರಕ್ತದಲ್ಲಿ ಸಕ್ಕರೆ ಮತ್ತೆಂದೂ ಕಾಣಿಸಲಿಲ್ಲ. ಮಗಳು ಹೆಜ್ಜೆ ಇಡುವ ಮೊದಲೇ ಅವ್ವ ತೀರಿಕೊಂಡಳು. ಇನ್ನೊಂದು ಹೆರಿಗೆ ನನಗೆ ಆಗಲಿಲ್ಲ. ಅವ್ವನ ಕೈಯ ಬಿಸಿನೀರು ನನ್ನ ಬೆನ್ನ ಮೇಲೆ ಬೀಳಲೇ ಇಲ್ಲ.

ಮುಂದೆ ಮಾವ ಹೋದರು. ಅತ್ತೆಗೆ ಸಕ್ಕರೆ ಬಂತು, ಕಿವಿ ಹೋಯಿತು. ಎರಡು ಸಾವಿರದ ಇಸವಿ ದಾಟಿತ್ತು, ನನ್ನ ಮರಾಠಿ ಅಷ್ಟರಲ್ಲಿ ಅವರದಕ್ಕಿಂತ ಚೆನ್ನಾಗಿತ್ತು. ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವವಳು ನಾನೇ. ಒಂದು ಸಲ ಡಾಕ್ಟರು ಬಹಳ ಹೊತ್ತು ಹೇಳಿದರು. ಹೊರಗೆ ಬಂದು ಅತ್ತೆ ಕೇಳಿದರು, "ಏನಂದ್ರು?"

ನಾನು ಅವರ ಕಿವಿಗೆ ಬಾಯಿಟ್ಟು ಇದ್ದದ್ದನ್ನು ಇದ್ದ ಹಾಗೆ ಕೂಗಿ ಹೇಳಿದೆ. "ಹಸದ ಇರಬ್ಯಾಡ್ರಿ, ಅಶಕ್ತ ಆಗೀರಿ ಅಂದಾರ. ಹೊತ್ತಿಗೆ ಸರಿಯಾಗಿ ಅನ್ನ, ರೊಟ್ಟಿ ಉಣ್ಣರಿ. ಹಬ್ಬಕ್ಕ ಒಂದು ಹೋಳಿಗಿ ನಡೀತೈತಂತ."

ಅತ್ತೆ ನಂಬದೆ ನನ್ನ ಮುಖ ನೋಡಿದರು. "ಅಷ್ಟುದ್ದ ಮಾತಾಡಿದ್ರಲ್ಲ?"

ಆ ಹೋಳಿ ಹುಣ್ಣಿಮೆಗೆ ಅವ್ವನ ಕೈಯ ಹದದಲ್ಲೇ ಹೋಳಿಗೆ ಮಾಡಿ, ತುಪ್ಪ ಹಾಕಿ ಅವರ ಮುಂದಿಟ್ಟೆ. ಬಾಯಲ್ಲಿ ನೀರೂರಿದ್ದು ನನಗೇ ಕಾಣುತ್ತಿತ್ತು. ಅವರು ತಾಟನ್ನು ದೂಡಿದರು. "ನನ್ನ ಕೊಲ್ಲಬೇಕಂತ ಮಾಡೀಯೇನು? ಡಾಕ್ಟರು ಬ್ಯಾಡಂದಿರತಾರ. ನೀ ತಿರುವಿ ಹೇಳೀದಿ."

ಗಂಡನನ್ನು ಕರೆದು ಡಾಕ್ಟರ ಹತ್ತಿರ ಕಳಿಸಬಹುದಿತ್ತು. ಮಗನ ಮಾತನ್ನಾದರೂ ಅವರು ನಂಬುತ್ತಿದ್ದರು. ನಾನು ಕರೆಯಲಿಲ್ಲ. "ಬ್ಯಾಡಾದ್ರ ಬಿಡ್ರಿ ಅತ್ತಿ," ಎಂದು ತಾಟು ಎತ್ತಿಕೊಂಡು ಹೋಗಿ, ಅಡಿಗೆಮನೆಯಲ್ಲಿ ನಿಂತು ಆ ಹೋಳಿಗೆಯನ್ನು ನಾನೇ ತಿಂದೆ.

ಆಮೇಲೆ ಬದುಕಿದ್ದಷ್ಟು ದಿನ ಅವರು ಸಿಹಿ ಮುಟ್ಟಲಿಲ್ಲ, ಹೊಟ್ಟೆ ತುಂಬ ಉಣ್ಣಲೂ ಇಲ್ಲ. ದಿನ ಬೆಳಗಾದರೆ ಹಾಗಲಕಾಯಿ ರಸ ಕೇಳುತ್ತಿದ್ದರು. ನಾನು ಒಂದು ದಿನವೂ ತಪ್ಪದೆ ಅರೆದು ಕೊಟ್ಟೆ.