ಎಮ್ಮೆಗೆ ತೋರಿಸಿದ ಸೀರೆ

ಅವ್ವ ತೀರಿಕೊಂಡ ಮರುದಿನ ನಾವೆಲ್ಲ ಹೇಗೋ ಎರಡು ತುತ್ತು ಉಂಡೆವು. ಎಮ್ಮೆ ಮಾತ್ರ ಹಾಲು ಬಿಡಲಿಲ್ಲ.

ಮೋರಖಂಡಿಯ ನನ್ನ ತವರಿನಲ್ಲಿ ಆಗ ಕರೆಯುವ ಎಮ್ಮೆ ಇದ್ದದ್ದು ಅದೊಂದೇ. ಬೇಸಿಗೆಯಲ್ಲಿ ಈದಿತ್ತು, ಕರು ಬದುಕಲಿಲ್ಲ. ಕರು ಸತ್ತ ಎಮ್ಮೆ ಹಾಲು ಇಳಿಸುವುದಿಲ್ಲ. ಕೆಚ್ಚಲು ಬಿಗಿದುಕೊಂಡು ನಿಲ್ಲುತ್ತದೆ, ಕೈ ಹಾಕಿದರೆ ಒದೆಯುತ್ತದೆ. ಅದಕ್ಕೆ ನಮ್ಮ ಕಡೆ ಒಂದು ಉಪಾಯವಿದೆ. ಸತ್ತ ಕರುವಿನ ತೊಗಲು ಬಿಡಿಸಿ, ಒಳಗೆ ಹುಲ್ಲು ತುಂಬಿ ಹೊಲಿದು, ಎಮ್ಮೆಯ ಮುಂದೆ ನಿಲ್ಲಿಸುತ್ತಾರೆ. ಅದು ಮೂಸುತ್ತದೆ, ನೆಕ್ಕುತ್ತದೆ, ಹಾಲು ಬಿಡುತ್ತದೆ. ತಮ್ಮ ಹಾಗೇ ಮಾಡೋಣ ಎಂದಿದ್ದ. ಆ ದಿನ ನಾನೂ ಅಲ್ಲಿದ್ದೆ.

“ಸತ್ತ ಮಗನ್ನ ತೋರ್ಸಿ ತಾಯಿ ಕಡಿಂದ ಹಾಲು ಹಿಂಡ್ಕೋತಿ?” ಎಂದಳು ಅವ್ವ. “ನಾಚ್ಕಿ ಬರಲ್ಲೇನು?”

“ಮತ್ತೇನ್ ಮಾಡೂಣವ್ವಾ? ಹಾಲು ಇಳಿಯೂ ಸೂಜಿ ಹಾಕ್ಸೂಣು?”

“ಸೂಜಿ ಹಾಕಿ ತಗದ ಹಾಲು ನನ್ನ ಮೈಲಾರಗ ನಡ್ಯಾಂಗಿಲ್ಲ. ನೀ ಹೋಗು. ನಾ ಅದರ ಜೋಡಿ ಮಾತಾಡ್ತೀನಿ.”

ಕರುವನ್ನು ಹೊಲದ ಬದುವಿನಲ್ಲಿ ಹೂಳಿಸಿ ಮೇಲೆ ಮೈಲಾರ ದೇವರ ಅರಿಶಿನದ ಭಂಡಾರ ಚೆಲ್ಲಿ ಬಂದಳು. ಆಮೇಲೆ ಹೊತ್ತು ಸಿಕ್ಕಾಗಲೆಲ್ಲ ಎಮ್ಮೆಯ ಪಕ್ಕದಲ್ಲಿ ಕೂತಳು. ಕೆಚ್ಚಲು ಮುಟ್ಟಲಿಲ್ಲ. ಬೆನ್ನು ತಿಕ್ಕಿದಳು, ಮೈಗೆ ಕಚ್ಚಿದ ಉಣ್ಣೆಹುಳ ಕಿತ್ತಳು, ಗಂಟಲಲ್ಲೇ ಏನೋ ಗುನುಗಿದಳು. ಒಂದು ಮುಂಜಾನೆ ಅದು ಅವಳಿಗೆ ಹಾಲು ಕೊಟ್ಟಿತು. ಅವಳೊಬ್ಬಳಿಗೆ.

ಅವ್ವ ಹುಲಸೂರ ಕಡೆಯಿಂದ ಸೊಸೆಯಾಗಿ ಬಂದವಳು. ಬಂದಾಗ ಈ ಮನೆಯಲ್ಲಿ ಕುರಿಗಳಿದ್ದವು. ತಮ್ಮ ಇನ್ನೂ ಅಂಬೆಗಾಲಿಡುವಾಗ ಅಪ್ಪ ತೀರಿಹೋದ. ಕುರಿಗಳೂ ಹೋದವು, ಎಮ್ಮೆಗಳು ಬಂದವು. ಬಸವಕಲ್ಯಾಣದ ಹೋಟೆಲುಗಳಿಗೆ ಹಾಲು ಹೊತ್ತು ಅವಳ ನೆತ್ತಿಯ ಕೂದಲು ಒಂದು ಬಿಲ್ಲೆಯಷ್ಟು ಸವೆದುಹೋಗಿತ್ತು. ತಲೆ ಬಾಚಿಕೊಳ್ಳುವಾಗ ಅಲ್ಲಿ ಮಾತ್ರ ಬಾಚಣಿಗೆ ಎತ್ತಿ ಮುಂದೆ ಹೋಗುತ್ತಿದ್ದಳು. ಐತವಾರದ ಮೊದಲ ಹಾಲು ಮೀಸಲು. ಅದು ಜಗಲಿಯ ಮೇಲಿನ ದೇವರಿಗೆ ಹೋದ ಮೇಲೆಯೇ ಮನೆಯಲ್ಲಿ ಚಹಾ. ಭಂಡಾರ ಮಾತ್ರ ಮೊದಲು ಎಮ್ಮೆಯ ಹಣೆಗೆ, ಆಮೇಲೆ ದೇವರಿಗೆ. ಇದೇನು ಉಲ್ಟಾ ಎಂದು ಕೇಳಿದರೆ, “ಅಂವ ಕುಂತು ಉಣ್ಣಾಂವ, ಇದು ದುಡದು ಹಾಕೂದು. ಅವಂಗೂ ಗೊತ್ತದ, ಸುಮ್ಮ ಇರ್ತಾನ,” ಎನ್ನುತ್ತಿದ್ದಳು.

ಮಳೆ ಹಿಂದಾಗುವ ಹೊತ್ತಿಗೆ ಸಣ್ಣ ಜ್ವರವೆಂದು ಮಲಗಿದವಳು ಏಳಲಿಲ್ಲ.

ಸೂತಕದ ಮನೆಯಲ್ಲಿ ಸತ್ತವರ ಬಟ್ಟೆಬರೆಯನ್ನೆಲ್ಲ ತೊಳೆಯುವುದು ಪದ್ಧತಿ. ತಮ್ಮನ ಹೆಂಡತಿ ಚೊಕ್ಕ ಕೆಲಸದವಳು. ಅವ್ವನ ಸೀರೆ, ಕುಪ್ಪಸ, ಕೌದಿ, ಕೊಟ್ಟಿಗೆಯಲ್ಲಿ ಕೂರುತ್ತಿದ್ದ ಗೋಣಿತಟ್ಟನ್ನೂ ಬಿಡದೆ ಬಿಸಿನೀರಲ್ಲಿ ನೆನೆಹಾಕಿ ಸಾಬೂನು ಹಚ್ಚಿ ಒಗೆದಳು. ಉಳಿದದ್ದು ಒಂದೇ ಸೀರೆ. ಹಾಲು ಕರೆಯುವಾಗ ಉಡುತ್ತಿದ್ದ ಆ ಬೂದು ಬಣ್ಣದ ಸೀರೆಯನ್ನು ನಾನು ಮೊಳೆಯಿಂದ ತೆಗೆದು ಚೀಲಕ್ಕೆ ಹಾಕಿಕೊಂಡಿದ್ದೆ. ಸೂತಕದ ಅರಿವೆ ಹೊಸ್ತಿಲು ದಾಟಬಾರದು ಎಂದಳು ದೊಡ್ಡವ್ವ. “ಒಯ್ಯಲಿ ಬಿಡ್ರಿ,” ಎಂದ ತಮ್ಮ.

ಹುಮನಾಬಾದಿನ ನನ್ನ ಮನೆಯಲ್ಲಿ ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಕಟ್ಟಿ ತಿಜೋರಿಯಲ್ಲಿಟ್ಟೆ. ಬೆವರು, ಸಗಣಿ ಕುಳ್ಳಿನ ಹೊಗೆ, ಹಿಂಡಿ, ಅವಳು ಹಲ್ಲಿಗೆ ತಿಕ್ಕುತ್ತಿದ್ದ ಸುಟ್ಟ ತಂಬಾಕಿನ ಪುಡಿ. ಗಂಟು ಬಿಚ್ಚಿದರೆ ಅವಳು ಕೋಣೆಗೆ ಬರುತ್ತಿದ್ದಳು. ಬಿಚ್ಚಿದಷ್ಟೂ ವಾಸನೆ ತೀರುತ್ತದೆಂದು ಬಿಚ್ಚುವುದನ್ನು ಕಡಿಮೆ ಮಾಡಿದೆ.

ಅಷ್ಟರಲ್ಲಿ ತಮ್ಮನ ಫೋನು ಬಂತು.

“ಅಕ್ಕಾ, ಎಮ್ಮಿ ಕೆಚ್ಚಲು ಕಲ್ಲಾಗೇದ. ಯಾರಿಗೂ ಹತ್ರ ಬರಗೊಡವಲ್ದು. ಸೂಜಿ ಹಾಕಿಸ್ಬೇಕಂದ್ರ ಅವ್ವನ ಮಾತು ನೆನಪಾಗ್ತದ. ಇಲ್ಲಾಂದ್ರ ಚಿಟಗುಪ್ಪ ಸಂತಿಗಿ ಹೊಡ್ಯೂದೇ. ಬತ್ತಿದ ಎಮ್ಮಿ ಯಾರು ಒಯ್ತಾರ ನಿನಗ ಗೊತ್ತದಲ್ಲ.”

ಗೊತ್ತಿತ್ತು. ಕಟುಕರು.

“ದೊಡ್ಡವ್ವ ಅಂತಾಳ, ಅವ್ವನ ಸೀರಿ ಉಟ್ಟು ಕುಂತ್ರ ಕೊಡ್ತದಂತ. ಒಗದ ಸೀರಿ ಉಟ್ಟು ನೋಡಿದಿವಿ, ಒದೀತು. ನಿನ್ನ ಹತ್ರ ಇರೂದು ಬೇಕು.”

ಒಮ್ಮೆ ಇನ್ನೊಬ್ಬರ ಮೈಗೇರಿದರೆ ಆ ಸೀರೆಯಲ್ಲಿ ಅವ್ವ ಉಳಿಯುವುದಿಲ್ಲ. ಇಟ್ಟುಕೊಂಡರೆ ಅವಳ ಎಮ್ಮೆ ಉಳಿಯುವುದಿಲ್ಲ. ಬಸವಕಲ್ಯಾಣದ ಬಸ್ಸಿನಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಮೂಸಿ ನೋಡಬೇಕೆನಿಸಿತು, ಪಕ್ಕದಲ್ಲಿ ಜನರಿದ್ದರು. ಸ್ಟ್ಯಾಂಡಿನಲ್ಲಿ ಇಳಿದು ಟಂಟಂ ಆಟೋ ಹತ್ತಿದೆ. ಮೋರಖಂಡಿ ಬರುವವರೆಗೂ ಗಂಟು ಬಿಚ್ಚಲಿಲ್ಲ.

ಸಂಜೆಯ ಹಾಲಿನ ಹೊತ್ತು. ತಮ್ಮನ ಹೆಂಡತಿ ಸೀರೆ ಉಟ್ಟು ಕೊಟ್ಟಿಗೆಯ ಬಾಗಿಲಿಗೆ ಬಂದಳು. ದೊಡ್ಡವ್ವ ಕಟ್ಟೆಯ ಮೇಲೆ ಕೂತು ಹೇಳಿಕೊಡುತ್ತಿದ್ದಳು.

“ಸೆರಗು ಹಣಿ ಮಟ ಎಳ್ಕೊ. ಇನ್ನಾ ಜರಾ. ಹಾಂ. ಬಳಿ ಸಪ್ಪಳ ಆಗ್ತದ ನೋಡು. ಅಕಿ ಕೈಯಾಗ ಬಳಿ ಎಲ್ಲಿದ್ದು?”

“ಬಳಿ ನಾ ತಗ್ಯಾಂಗಿಲ್ರಿ ಅತ್ತಿ. ನನ್ನ ಗಂಡ ಗಟ್ಟ್ಯಾಗಿ ಇದ್ದಾನ.”

“ಒಂದ್ ಚರಗಿ ಹಾಲಿಗಿ ನನ್ನ ಕೊಲ್ಲಬ್ಯಾಡ್ರವ್ವಾ,” ಎಂದ ತಮ್ಮ.

“ತಗಿ ಅಂದೋರು ಯಾರೋ ಮಂಗ್ಯಾ? ಅರಬಿ ಸುತ್ಕೊಳ್ಳಲಿ.”

ನಾನೇ ಅವಳ ಹಸಿರು ಬಳೆಗಳ ಮೇಲೆ ಬಟ್ಟೆ ಸುತ್ತಿದೆ. ಅವಳ ಕೈ ತಣ್ಣಗಿತ್ತು. “ಅಕ್ಕಾರ, ನನಗ ಅಂಜಿಕಿ ಬರಾಕತ್ತದ,” ಎಂದಳು ಮೆಲ್ಲಗೆ. ಎಮ್ಮೆಗೆ ಅಂಜುತ್ತಾಳೆ ಎಂದುಕೊಂಡೆ.

ಕಂಡದ್ದನ್ನು ಕಂಡಷ್ಟೇ ಹೇಳಬೇಕು. ಅವಳು ಹೋಗಿ ಅವ್ವ ಕೂರುವ ಜಾಗದಲ್ಲಿ, ಅವ್ವನ ಹಾಗೆಯೇ ಒಂದು ಮೊಣಕಾಲು ಮಡಚಿ ಕೂತಳು. ಎಮ್ಮೆ ತಲೆ ತಿರುಗಿಸಿತು. ಸೆರಗನ್ನು ಮೂಸಿತು. ಉಸಿರು ಬಿಟ್ಟಿತು, ಮತ್ತೆ ಮೂಸಿತು. ಕಾಲು ಎತ್ತಲಿಲ್ಲ. ಹಾಲನ್ನೂ ಇಳಿಸಲಿಲ್ಲ. ಆಗ ಸೆರಗಿನೊಳಗಿನಿಂದ ಅವ್ವನ ಆ ಗುನುಗು ಎದ್ದಿತು. ಅದರ ಹಿಂದೆಯೇ ತಗ್ಗಿದ ಗೊಗ್ಗರು ದನಿ:

“ಕೊಡ ನನ್ನವ್ವಾ, ಕೊಡ. ದೇವರದು ದೇವರಿಗಿ, ನಿಂದು ನಿನಗ.”

ತಮ್ಮ ಎದ್ದು ಅಂಗಳಕ್ಕೆ ಹೋದ. ದೊಡ್ಡವ್ವ ತಲೆಯ ಮೇಲೆ ಸೆರಗು ಹೊದ್ದಳು. ಆ ಕ್ಷಣ ಅಲ್ಲಿ ಕೂತವಳು ಯಾರೆಂದು ನನಗೆ ಗೊತ್ತಿತ್ತು. ಆದರೂ “ಅವ್ವಾ” ಎಂದು ಕರೆಯಲು ಬಾಯಿ ತೆರೆದಿತ್ತು. ಎಮ್ಮೆಯ ಬೆನ್ನು ಒಮ್ಮೆ ನಡುಗಿತು. ಚರಿಗೆಯ ತಳಕ್ಕೆ ಹಾಲು ಬಿದ್ದ ಸದ್ದು ಕೇಳಿಸಿತು.

ಹುಲ್ಲು ತುಂಬಿದ ಕರು ಬೇಡ ಎಂದಿದ್ದವಳು ಅವ್ವ. ನಾವು ಅವಳ ಸೀರೆಯೊಳಗೆ ಜೀವವಿರುವ ಹೆಣ್ಣನ್ನೇ ತುಂಬಿ ಎಮ್ಮೆಯ ಮುಂದೆ ಕೂರಿಸಿದ್ದೆವು.

ತಮ್ಮನ ಹೆಂಡತಿ ಹೊರಗೆ ಬಂದು ಚರಿಗೆ ಇಟ್ಟು, ಮೊದಲು ಕೈಗೆ ಸುತ್ತಿದ್ದ ಬಟ್ಟೆ ಕಿತ್ತೊಗೆದಳು. ಬಳೆಗಳನ್ನು ಒಂದೊಂದಾಗಿ ಮುಟ್ಟಿ ನೋಡಿಕೊಂಡಳು.

“ಅದಕ್ಕ ಗೊತ್ತದರಿ ಅಕ್ಕಾರ,” ಎಂದಳು. “ಸೆರಗಿನ ಒಳಗ ನನ್ನ ಮಾರಿ ನೋಡ್ತು. ನೋಡಿನೂ ಕೊಡ್ತು.”

“ಆ ದನಿ ಹ್ಯಾಂಗ ಬಂತು ತಂಗಿ?”

“ಇಷ್ಟು ವರ್ಷ ಅದೇ ದನೀಲೆ ಬೈಸ್ಕೊಂಡೀನಿ. ಬರಲ್ದೇನು?” ನಗಲು ನೋಡಿದಳು. ಆಗಲಿಲ್ಲ.

ಸೀರೆ ಬಿಚ್ಚಿ, ಮಡಚಿ ನನ್ನ ಕೈಗಿಟ್ಟಳು. ಮುಖಕ್ಕೆ ಹಿಡಿದೆ. ಅವ್ವ ಇದ್ದಳು. ಅವಳ ಪಕ್ಕದಲ್ಲೇ ಈ ಹುಡುಗಿಯ ಹೆದರಿದ ಬೆವರೂ ಇತ್ತು. ಬೆಳಗಿನ ಹಾಲಿಗೆ ಅದು ಮತ್ತೆ ಬೇಕಿತ್ತು, ಅದರ ಮರುದಿನವೂ. ನಾನು ಅದನ್ನು ಮೊಳೆಗೆ ಹಾಕಿ, ಖಾಲಿ ಚೀಲ ಹಿಡಿದು ಹುಮನಾಬಾದಿಗೆ ಮರಳಿದೆ.

ಎಮ್ಮೆ ಈಗ ಅವಳಿಗೆ ದಿನವೂ ಹಾಲು ಕೊಡುತ್ತದೆ. ಐತವಾರದ ಮೀಸಲು ನಿಂತಿಲ್ಲ. ಮೊನ್ನೆ ಫೋನು ಮಾಡಿದ್ದಳು.

“ಅಕ್ಕಾರ, ಸೀರಿ ಭಾಳ ಹೊಲಸಾಗೇದ್ರಿ, ಹುಳಿ ನಾತ ಬರ್ತದ. ಎಮ್ಮಿ ಈಗ ನನ್ನ ಸೀರಿಗೂ ನಿಂದ್ರತದ. ಅದನ್ನ ಒಗೀಲೇನ್ರಿ?”

ಒಗಿ ಎಂದರೆ ಮುಗಿಯಿತು. ಬೇಡ ಎಂದರೆ ಅದನ್ನು ಇನ್ನೆಷ್ಟು ದಿನ ಅವಳ ಮನೆಯ ಮೊಳೆಯ ಮೇಲೆ ತೂಗುಹಾಕಿ ಇರಿಸಲಿ?

“ಆಗಲಿ ಬಿಡ್ರಿ,” ಎಂದಳು ಕೊನೆಗೆ. “ನೀವ ಬಂದಾಗ ಇಬ್ಬರೂ ಕೂಡಿ ಒಗ್ಯೂಣು.”

ನಾನು ಇನ್ನೂ ಹೋಗಿಲ್ಲ.