ಮಗಳ ಹೊಕ್ಕುಳಿಗೆ ಒಂದು ಮರ

ನಮ್ಮ ಮಗಳು ಹುಟ್ಟಿದ ಎಂಟನೆಯ ದಿನ ಬೆಳಿಗ್ಗೆ ನ್ಯಾಪಿ ಬದಲಿಸುತ್ತಿದ್ದಾಗ ಅವಳ ಹೊಕ್ಕುಳಬಳ್ಳಿಯ ಒಣಗಿದ ತುಂಡು ಕಳಚಿ ನನ್ನ ಅಂಗೈಗೆ ಬಿತ್ತು. ಒಣಶುಂಠಿಯ ಚೂರಿನಂತಿತ್ತು. ಅದನ್ನು ಟಿಶ್ಯೂ ಕಾಗದದಲ್ಲಿ ಸುತ್ತಿ, ಅಡುಗೆಮನೆಯ ಕಟ್ಟೆಯ ಮೇಲಿದ್ದ ಪುಟ್ಟ ಸ್ಟೀಲ್ ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕಿದೆ. ಎಸೆಯುವಂತಿರಲಿಲ್ಲ. ಅದು ತಮಗೆ ಬೇಕೆಂದು ಎರಡು ಅರ್ಜಿಗಳು ಮೊದಲೇ ಬಂದಿದ್ದವು.

ಒಂದು ನನ್ನ ಅವ್ವನದು. ಬಾಣಂತನಕ್ಕೆಂದು ಧಾರವಾಡದಿಂದ ಬಂದಿದ್ದ ಅವ್ವ ಸೂಟ್‌ಕೇಸಿನಲ್ಲಿ ಬಜೆ, ಜಾಜಿಕಾಯಿ, ಹರಳೆಣ್ಣೆ, ಸಾಣೆಕಲ್ಲಿನ ಜೊತೆಗೆ ಕಿರುಬೆರಳಿನ ತುದಿಯಷ್ಟು ದೊಡ್ಡ ಖಾಲಿ ಬೆಳ್ಳಿ ತಾಯಿತವನ್ನೂ ತಂದಿದ್ದಳು. ಹೊಕ್ಕುಳಬಳ್ಳಿ ಒಣಗಿ ಬಿದ್ದ ಮೇಲೆ ಅದನ್ನು ತಾಯಿತದಲ್ಲಿ ತುಂಬಿ ಕೂಸಿನ ಉಡದಾರಕ್ಕೆ ಕಟ್ಟಬೇಕು. ನನಗೂ ಕಟ್ಟಿದ್ದರಂತೆ. ನಾಲ್ಕನೇ ವಯಸ್ಸಿನಲ್ಲಿ ನಾನದನ್ನು ಎಲ್ಲೋ ಕಳಕೊಂಡೆನೆಂದೂ, ಅದಕ್ಕೇ ಓದಲು ಲೀಡ್ಸ್‌ಗೆ ಬಂದವ ತಿರುಗಿ ಹೋಗಲಿಲ್ಲವೆಂದೂ ಅವ್ವನ ನಂಬಿಕೆ.

ಇನ್ನೊಂದು ಅರ್ಜಿ ನನ್ನ ಅತ್ತೆಯದು. ಅತ್ತೆ ಜಮೈಕಾದಲ್ಲಿ ಹುಟ್ಟಿ, ಹರೆಯದಲ್ಲಿ ಬರ್ಮಿಂಗ್‌ಹ್ಯಾಮ್‌ಗೆ ಬಂದು, ಆಸ್ಪತ್ರೆಯೊಂದರ ಅಡುಗೆಮನೆಯಲ್ಲಿ ದುಡಿದು ನಿವೃತ್ತರಾದವರು. ಅವರ ಕಡೆ ಹೊಕ್ಕುಳಬಳ್ಳಿಯನ್ನು ಮರದ ಬುಡದಲ್ಲಿ ಹೂಳುತ್ತಾರೆ. ಆಮೇಲೆ ಆ ಮರ ಆ ಮಗುವಿನದು, ಆ ಜಾಗ ಅದರ ಊರು. ಅತ್ತೆಯದು ಜಮೈಕಾದ ಹಳ್ಳಿಯೊಂದರ ದೀವಿಹಲಸಿನ ಮರದ ಕೆಳಗಿದೆ. ನನ್ನ ಹೆಂಡತಿಯದು ಬರ್ಮಿಂಗ್‌ಹ್ಯಾಮ್‌ನ ಮನೆಯ ಹಿತ್ತಲಿನ ಪಿಯರ್ ಮರದ ಕೆಳಗೆ. ಆ ಮರ ಇವತ್ತಿನವರೆಗೆ ಒಂದೇ ಒಂದು ಸಿಹಿ ಹಣ್ಣು ಬಿಟ್ಟಿಲ್ಲ. ಮಗಳ ಮೇಲೆ ಸಿಟ್ಟು ಬಂದಾಗಲೆಲ್ಲ ಅತ್ತೆ ಆ ಮರವನ್ನು ಬೈಯುತ್ತಾರೆ.

ನಾವಾಗ ಮ್ಯಾಂಚೆಸ್ಟರಿನ ಡಿಡ್ಸ್‌ಬರಿಯಲ್ಲಿ ಎರಡನೇ ಮಹಡಿಯ ಬಾಡಿಗೆ ಫ್ಲಾಟ್‌ನಲ್ಲಿದ್ದೆವು. ನಾನು ನೀರಿನ ಪೈಪುಗಳ ವಿನ್ಯಾಸ ಮಾಡುವ ಎಂಜಿನಿಯರ್, ಹೆಂಡತಿ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್. ಇಬ್ಬರು ಅಜ್ಜಿಯರು ಒಂದೇ ಸೂರಿನಡಿ ಎರಡು ತಿಂಗಳು ಇರುತ್ತಾರೆಂದಾಗ ಮಹಾಯುದ್ಧವೇ ಆದೀತೆಂದು ನಮಗೆ ಹೆದರಿಕೆ. ಅವ್ವನಿಗೆ ಇಂಗ್ಲಿಷ್ ಬಾರದು. ಅತ್ತೆಯ ಜಮೈಕಾ ಇಂಗ್ಲಿಷ್ ಮದುವೆಯಾದ ಮೊದಲ ವರ್ಷ ನನಗೇ ಅರ್ಧ ತಿಳಿಯುತ್ತಿರಲಿಲ್ಲ. ಆಸ್ಪತ್ರೆಯ ಅಭ್ಯಾಸದಂತೆ ಹೆಂಡತಿ ಯಾರ ಪಾಳಿ ಯಾವಾಗ ಎಂಬ ಒಂದು ರೋಟಾ ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿದಳು. ಬೆಳಗಿನ ಸ್ನಾನ ಅವ್ವನದು, ಸಂಜೆ ಕೂಸನ್ನು ಮಲಗಿಸುವುದು ಅತ್ತೆಯದು. ಇಬ್ಬರೂ ಒಟ್ಟಿಗೆ ಕೂಸಿನ ಹತ್ತಿರ ಇರುವ ಹೊತ್ತು ಇರಬಾರದೆಂಬುದು ನಮ್ಮ ಉಪಾಯ.

ಮೂರನೆಯ ದಿನ ಕೂಸಿಗೆ ಬಿಕ್ಕಳಿಕೆ ಬಂತು. ಅತ್ತೆ ಬ್ರೆಡ್ಡಿನ ಕಾಗದದ ಚೀಲದಿಂದ ಉಗುರಿನಷ್ಟು ಚೂರು ಹರಿದು, ನಾಲಿಗೆಗೆ ತಾಗಿಸಿ ಒದ್ದೆ ಮಾಡಿ, ಕೂಸಿನ ಹಣೆಗೆ ಅಂಟಿಸಿದರು. ಅದೇ ಹೊತ್ತಿಗೆ ಅವ್ವ ಸೆರಗಿನಿಂದ ಒಂದು ಎಳೆ ಕಿತ್ತು, ಒದ್ದೆ ಮಾಡಿಕೊಂಡು, ಅದೇ ಹಣೆಯ ಕಡೆ ಕೈ ಚಾಚಿದ್ದಳು. ಇಬ್ಬರ ಕೈಗಳೂ ಕೂಸಿನ ಮೇಲೆ ಗಾಳಿಯಲ್ಲಿ ನಿಂತವು. ಅವ್ವ ಕಾಗದವನ್ನು ನೋಡಿದಳು, ಅತ್ತೆ ದಾರವನ್ನು ನೋಡಿದರು. ಆಮೇಲೆ ಅವ್ವ ತನ್ನ ದಾರವನ್ನು ಆ ಕಾಗದದ ಮೇಲೆಯೇ ಇಟ್ಟಳು. ಬಿಕ್ಕಳಿಕೆ ನಿಂತಿತು. ಅದು ತಾನಾಗಿಯೇ ನಿಲ್ಲುವಂಥದ್ದು ಎಂದು ನನ್ನ ಹೆಂಡತಿ ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಅವತ್ತಿಗೆ ರೋಟಾ ಸತ್ತಿತು. ಅತ್ತೆ ತಮ್ಮ ಚೀಲದಿಂದ ಒಣಗಿಸಿದ ಯಾವುದೋ ಬಳ್ಳಿಯ ಕಟ್ಟು ತೆಗೆದು, ಬಾಣಂತಿಗೆ ಕಷಾಯ ಮಾಡಬೇಕೆಂದರು. ಅವ್ವ ಒಂದು ಎಲೆ ಮುರಿದು ಮೂಸಿ, ‘ಹಾಗಲ ಬಳ್ಳಿ’ ಎಂದಳು. ನಿಜಕ್ಕೂ ಅದು ಹಾಗಲದ ಜಾತಿಯದೇ ಆಗಿತ್ತು. ಮರುದಿನದಿಂದ ಅವರಿಬ್ಬರೂ ಸೇರಿ ಕೂಸಿಗೆ ಸ್ನಾನ ಮಾಡಿಸತೊಡಗಿದರು. ಅವ್ವ ಕಾಲು ಚಾಚಿ ಕೂತು ಎಣ್ಣೆ ತಿಕ್ಕಿದರೆ, ಅತ್ತೆ ಎದುರಿಗೆ ಕೂತು ಕೈಕಾಲು ಎಳೆದು ನೀವುತ್ತಿದ್ದರು. ಅವ್ವ ಅವರನ್ನು ‘ಅಕ್ಕಾರ’ ಎನ್ನುತ್ತಿದ್ದಳು, ಅತ್ತೆ ಅವ್ವನನ್ನು ಚರ್ಚಿನಲ್ಲಿ ಕರೆಯುವಂತೆ ‘ಸಿಸ್ಟರ್’ ಎನ್ನುತ್ತಿದ್ದರು. ಅವ್ವ ಕನ್ನಡದಲ್ಲಿ ಒಂದು ದೊಡ್ಡ ಕತೆ ಹೇಳುವಳು, ಅತ್ತೆ ತಲೆಯಾಡಿಸಿ ತಮ್ಮ ಭಾಷೆಯಲ್ಲಿ ಅದಕ್ಕೆ ಉತ್ತರ ಕೊಡುವರು. ನಾನು ನಡುವೆ ಅನುವಾದಿಸಲು ಹೋದರೆ ಇಬ್ಬರೂ ನನ್ನನ್ನು ಸುಮ್ಮನಿರಿಸುತ್ತಿದ್ದರು.

ಮನೆಗೇ ಬಂದು ಕೂಸಿನ ತೂಕ ನೋಡುವ ಹೆಲ್ತ್ ವಿಸಿಟರ್ ಮೊದಲ ಸಲ ಬಂದಾಗ ಕೂಸಿನ ಕೆನ್ನೆಗೆ ಕಾಡಿಗೆಯ ಬೊಟ್ಟು, ಕೈಗೆ ಬಜೆಯ ಬಳೆ, ಅಂಗಿಗೆ ಕೆಂಪು ರಿಬ್ಬನ್ನು, ತಲೆಯ ಹತ್ತಿರ ತೆರೆದಿಟ್ಟ ಬೈಬಲ್ಲು, ಹಣೆಯ ಮೇಲೆ ಒದ್ದೆ ಕಾಗದ. ಆಕೆ ಮೃದುವಾಗಿಯೇ, ಮಗುವನ್ನು ಮುಖ್ಯವಾಗಿ ನೋಡಿಕೊಳ್ಳುವವರು ಯಾರು ಎಂದು ಕೇಳಿದಳು. ಅತ್ತೆ ಕೈ ಎತ್ತಿದರು. ಪ್ರಶ್ನೆ ತಿಳಿಯದಿದ್ದರೂ ಅವ್ವನೂ ಎತ್ತಿದಳು. ನನ್ನ ಹೆಂಡತಿ ಹಾಲೂಡಿಸುತ್ತಲೇ ಸಂಕೋಚದಿಂದ ಮೂರನೆಯ ಕೈ ಎತ್ತಿದಳು. ಆದರೆ ಕೂಸು ಚೆನ್ನಾಗಿ ತೂಗಿತು. ಆಕೆ ಮಗುವಿನ ಬೆಳವಣಿಗೆ ದಾಖಲಿಸುವ ಕೆಂಪು ಪುಸ್ತಕದ ತೂಕದ ನಕ್ಷೆಯಲ್ಲಿ ಚುಕ್ಕೆ ಇಟ್ಟು, ಏನು ಮಾಡುತ್ತಿದ್ದೀರೋ ಹಾಗೇ ಮಾಡುತ್ತಿರಿ ಎಂದು ಹೊರಟುಹೋದಳು. ಆ ಮಾತನ್ನು ನಾನು ಅವ್ವನಿಗೆ ಅನುವಾದಿಸಿ ಹೇಳಿದ್ದು ದೊಡ್ಡ ತಪ್ಪಾಯಿತು.

ಇಂಥ ಮನೆಯಲ್ಲಿ ಎಂಟನೆಯ ದಿನ ಬೆಳಿಗ್ಗೆ ನಾನು ಆ ತುಂಡನ್ನು ಡಬ್ಬಿಯಲ್ಲಿಟ್ಟದ್ದು. ಯಾರಿಗೂ ಹೇಳಲಿಲ್ಲ. ಮೊದಲು ನಾವಿಬ್ಬರೂ ಮಾತಾಡಿ ತೀರ್ಮಾನಿಸೋಣ, ಆಮೇಲೆ ಅವರಿಗೆ ತಿಳಿಸೋಣ ಎಂದುಕೊಂಡೆ. ಮಧ್ಯಾಹ್ನ ಹೆಂಡತಿಯನ್ನು ಅಡುಗೆಮನೆಗೆ ಕರೆದು ಬಾಗಿಲು ಮುಂದೆ ಮಾಡಿ ಡಬ್ಬಿ ನೋಡಿದರೆ ಅದು ತೊಳೆದು ಬೋರಲು ಹಾಕಿತ್ತು. ಪಕ್ಕದಲ್ಲಿ ಸಾಣೆಕಲ್ಲು. ಕಲ್ಲಿನ ಮೇಲೆ ಕಂದು ಬಣ್ಣದ ಗಂಧ.

ಬಾಣಂತಿಗೆ ದಿನಾ ಬೆಳಿಗ್ಗೆ ಅವ್ವ ಬೇರುಗಳನ್ನು ತೇಯ್ದು ಜೇನುತುಪ್ಪದಲ್ಲಿ ಕಲಸಿ ನೆಕ್ಕಿಸುತ್ತಿದ್ದಳು. ನಾನು ಹೆಂಡತಿಯ ಮುಖ ನೋಡಿದೆ. ಅವಳು ಕುರ್ಚಿಯ ಮೇಲೆ ಕೂತಳು. ‘ಇವತ್ತು ಸ್ವಲ್ಪ ಉಪ್ಪುಪ್ಪಾಗಿತ್ತು’ ಎಂದಳು.

ವೈದ್ಯಕೀಯ ಸಲಹೆಯ ಫೋನ್ ಲೈನಿಗೆ ನಾನೇ ಕರೆ ಮಾಡಿದೆ. ಆ ಕಡೆಯ ನರ್ಸ್ ಸಮಾಧಾನದ ದನಿಯಲ್ಲಿ, ರೋಗಿ ಏನು ನುಂಗಿದ್ದಾರೆ ಎಂದು ಕೇಳಿದಳು. ಹೇಳಿದೆ. ಯಾರದು ಎಂದು ಕೇಳಿದಳು. ಮಗಳದು ಎಂದೆ. ಬೇಕೆಂದೇ ನುಂಗಿದರೇ ಎಂದು ಕೇಳಿದಳು. ಇಲ್ಲ, ಜೇನುತುಪ್ಪದ ಜೊತೆ, ಎಂದೆ. ಕೀಬೋರ್ಡಿನ ಸದ್ದು ನಿಂತಿತು. ಇದಕ್ಕೆ ತಮ್ಮಲ್ಲಿ ಸರಿಹೊಂದುವ ಕಾಲಮ್ ಇಲ್ಲ, ಒಂದು ನಿಮಿಷ ಇರಿ, ಹಿರಿಯರನ್ನು ಕೇಳಿ ಬರುತ್ತೇನೆ ಎಂದು ಸಂಗೀತ ಹಚ್ಚಿ ಹೋದಳು.

ಆ ಸಂಗೀತ ಕೇಳಿ ಅವ್ವ ಅಡುಗೆಮನೆಗೆ ಬಂದಳು, ಹಿಂದೆಯೇ ಅತ್ತೆ.

‘ಏನ್ ಹುಡುಕಾಕತ್ತೀರಿ ಇಬ್ಬರೂ?’ ಎಂದಳು ಅವ್ವ.

ನಾನು ಡಬ್ಬಿ ತೋರಿಸಿದೆ. ಅವ್ವ ಸೆರಗಿನ ಗಂಟು ಬಿಚ್ಚಿ ತಾಯಿತ ತೆಗೆದಳು. ಅದರ ಬಾಯಿಗೆ ಮೇಣ ಮೆತ್ತಿ ಮುಚ್ಚಿಯಾಗಿತ್ತು. ಅತ್ತೆ ಕೈಚೀಲದಿಂದ ಹಳೆಯ ಕನ್ನಡಕದ ಡಬ್ಬಿ ತೆಗೆದು ತೆರೆದರು. ಒಳಗೆ ಬಿಳಿ ಕರವಸ್ತ್ರ, ಅದರಲ್ಲಿ ಉಳಿದರ್ಧ. ನಾನು ಡಬ್ಬಿಯಲ್ಲಿಟ್ಟ ಹತ್ತು ನಿಮಿಷಕ್ಕೇ ಅವರಿಗದು ಸಿಕ್ಕಿತ್ತು. ಅತ್ತೆ ಹೊಲಿಗೆಯ ಟೇಪಿನಿಂದ ಅಳೆದು ನಡುವೆ ಪೆನ್ನಿನ ಗುರುತು ಹಾಕಿದ್ದರು, ಅವ್ವ ಉಗುರು ಕತ್ತರಿಸುವ ಕತ್ತರಿಯಿಂದ ತುಂಡು ಮಾಡಿದ್ದಳು. ಹೀಗೇ ಮಾಡುವುದೆಂದು ಮೊದಲ ವಾರವೇ ಕೈಸನ್ನೆಯಲ್ಲಿ ಒಪ್ಪಂದವಾಗಿತ್ತು. ನಮ್ಮನ್ನು ಕೇಳಬೇಕೆಂದು ಇಬ್ಬರಿಗೂ ಹೊಳೆದಿರಲಿಲ್ಲ. ನರ್ಸ್ ಮತ್ತೆ ಲೈನಿಗೆ ಬಂದಾಗ, ಸಿಕ್ಕಿತು, ಯಾರೂ ತಿಂದಿಲ್ಲ, ಎಂದು ಹೇಳಿ ಫೋನ್ ಇಟ್ಟೆ. ಆಕೆ ಏನೆಂದುಕೊಂಡಳೋ ಗೊತ್ತಿಲ್ಲ.

ಅವ್ವನ ಅರ್ಧ ಕೂಸಿನ ಸೊಂಟಕ್ಕೆ ಏರಿತು. ಅತ್ತೆಯ ಅರ್ಧಕ್ಕೆ ನೆಲ ಬೇಕಾಗಿತ್ತು. ಕಟ್ಟಡದ ಮುಂದಿನ ಹುಲ್ಲಿನಲ್ಲಿ ಗಿಡ ನೆಡಬಹುದೇ ಎಂದು ಮನೆಮಾಲೀಕನನ್ನು ಕೇಳಿದರೆ ಆಗುವುದಿಲ್ಲವೆಂದ. ಬಾಲ್ಕನಿಯಲ್ಲಿ ಕುಂಡವಿಡೋಣವೆಂದರೆ, ಮಗು ಬದುಕಿಡೀ ಕುಂಡದಲ್ಲಿ ಇರಬೇಕೇ ಎಂದು ಅತ್ತೆ ಕೇಳಿದರು. ಹೆಂಡತಿ ತನ್ನ ತವರಿನ ಹಿತ್ತಲಿದೆಯಲ್ಲ ಎಂದಳು. ಆಗ ನನಗೆ ಏನಾಯಿತೋ, ನನ್ನ ಮಗಳು ಬರ್ಮಿಂಗ್‌ಹ್ಯಾಮ್‌ನವಳಾಗುವುದು ಬೇಡ, ಅವಳು ಮ್ಯಾಂಚೆಸ್ಟರ್‌ನವಳು ಎಂದು ಜೋರು ದನಿಯಲ್ಲಿ ಹೇಳಿಬಿಟ್ಟೆ. ಮ್ಯಾಂಚೆಸ್ಟರ್ ಪರವಾಗಿ ಅಷ್ಟು ಆವೇಶ ನನ್ನಲ್ಲಿದೆಯೆಂದು ಅಲ್ಲಿಯವರೆಗೆ ನನಗೇ ಗೊತ್ತಿರಲಿಲ್ಲ. ಪಿಯರ್ ಮರದ ಉದಾಹರಣೆಯನ್ನೂ ಕೊಟ್ಟೆ. ಎರಡು ದಿನ ನಮ್ಮ ನಡುವೆ ಮಾತಿರಲಿಲ್ಲ. ಅಜ್ಜಿಯರಿಬ್ಬರೂ ಸೋಫಾದಲ್ಲಿ ಅಕ್ಕಪಕ್ಕ ಕೂತು ಕಷಾಯ ಕುಡಿಯುತ್ತ ನಮ್ಮ ಜಗಳವನ್ನು ನೋಡುತ್ತಿದ್ದರು.

ಕೊನೆಗೆ ಇಲ್ಲಿನ ನಗರಸಭೆಯಾದ ಕೌನ್ಸಿಲ್‌ಗೆ ಅರ್ಜಿ ಹಾಕಿದೆ. ಪಾರ್ಕಿನಲ್ಲಿ ಒಂದು ಹಣ್ಣಿನ ಗಿಡ ನೆಡಲು ಅನುಮತಿ ಬೇಕು. ಉದ್ದೇಶವೇನೆಂಬ ಜಾಗದಲ್ಲಿ ನಾನು ಪ್ರಾಮಾಣಿಕನಾಗಿ, ಆದರೆ ಸಭ್ಯವಾಗಿ ಬರೆಯಬೇಕೆಂದು ಯೋಚಿಸಿ, ‘ಕುಟುಂಬದ ಸದಸ್ಯೆಯೊಬ್ಬಳ ದೇಹದ ಸಣ್ಣ ಅಂಶವನ್ನು ಗಿಡದ ಬುಡದಲ್ಲಿ ಇಡಲು’ ಎಂದು ಬರೆದೆ.

ಉತ್ತರಕ್ಕೆ ಕಾಯುತ್ತಿದ್ದಾಗ, ಕೂಸಿಗೆ ನಲವತ್ತು ದಿನ ತುಂಬಿದ ಮೇಲೆ ಒಂದು ಬೆಳಿಗ್ಗೆ, ಅಜ್ಜಿಯರಿಬ್ಬರೂ ಪ್ರ್ಯಾಮಿನಲ್ಲಿ ಕೂಸನ್ನು ಮಲಗಿಸಿಕೊಂಡು ಹಾಲು ತರಲು ಹೊರಟರು. ಒಂದೂವರೆ ತಾಸಿನ ಮೇಲೆ ಬಂದರು. ಹಾಲು ತಂದಿರಲಿಲ್ಲ. ಅವ್ವನ ಸೀರೆಯ ಅಂಚಿಗೆ ಕೆಸರು, ಅತ್ತೆಯ ಮೊಣಕಾಲಿಗೆ ಮಣ್ಣು, ಪ್ರ್ಯಾಮಿನ ಕೆಳಗಿನ ಬುಟ್ಟಿಯಲ್ಲಿ ನಮ್ಮ ಅನ್ನದ ಚಮಚ ಬಾಗಿ ಬಿದ್ದಿತ್ತು. ಕೂಸು ಮಾತ್ರ ಚೊಕ್ಕಟವಾಗಿ ನಿದ್ದೆ ಮಾಡುತ್ತಿತ್ತು.

ಎಲ್ಲಿ ಎಂದು ಕೇಳಿದೆ. ಅವ್ವ ‘ಆತು’ ಎಂದಷ್ಟೇ ಹೇಳಿ ಕೈ ತೊಳೆಯಲು ಹೋದಳು. ಅತ್ತೆಯನ್ನು ಕೇಳಿದರೆ ಅವರು ಕೋಟು ತೆಗೆಯುತ್ತ, ‘ನಿನಗೆ ಹೇಳಿದರೆ ನೀನು ಅದಕ್ಕೂ ಒಂದು ಫಾರ್ಮ್ ತುಂಬುತ್ತೀಯ’ ಎಂದರು.

ಕೌನ್ಸಿಲ್‌ನ ಪತ್ರ ಬಂದದ್ದು ಅವ್ವ ಊರಿಗೆ ಹೋದ ಮೇಲೆ. ಪಾರ್ಕಿನಲ್ಲಿ ಖಾಸಗಿಯಾಗಿ ಗಿಡ ನೆಡಲು ಅವಕಾಶವಿಲ್ಲ. ಆದರೆ ಕುಟುಂಬದ ಸದಸ್ಯೆಯನ್ನು ಕಳೆದುಕೊಂಡ ನಮ್ಮ ದುಃಖದಲ್ಲಿ ತಾವೂ ಭಾಗಿಗಳು, ಎಂದು ಬರೆದಿದ್ದರು. ನಾನು ಬರೆದ ವಾಕ್ಯಕ್ಕೆ ಬೇರೆ ಅರ್ಥ ಬರುವಂತಿರಲಿಲ್ಲ. ಆ ಹೊತ್ತಿಗೆ ತೀರಿಕೊಂಡ ಸದಸ್ಯೆ ಎರಡು ಹಲ್ಲು ಮೂಡಿಸಿಕೊಂಡು, ಜಾಜಿಕಾಯಿ ತುರಿದು ಹಾಕಿದ ಮೆಕ್ಕೆಜೋಳದ ಗಂಜಿಯನ್ನು ಬಟ್ಟಲುಗಟ್ಟಲೆ ತಿನ್ನುತ್ತಿದ್ದಳು. ಒಂದು ಹೊತ್ತು ಅತ್ತೆ ಹೇಳಿಕೊಟ್ಟ ಗಂಜಿ, ಇನ್ನೊಂದು ಹೊತ್ತು ಅವ್ವ ಕಳಿಸಿದ ರಾಗಿ ಸರಿ. ಹೆಲ್ತ್ ವಿಸಿಟರ್ ಇಡುವ ಚುಕ್ಕೆ ಪುಟದ ಮೇಲುತುದಿಗೆ ಹತ್ತಿರವಾಗುತ್ತಿತ್ತು.

ಹೂತ ಜಾಗ ಗೊತ್ತಾದದ್ದು ಮರುವರ್ಷದ ಬೇಸಿಗೆಯಲ್ಲಿ. ಅತ್ತೆ ಬಂದಿದ್ದರು, ಎಲ್ಲರೂ ಪೇಟೆಗೆ ಹೋಗಲು ಟ್ರಾಮ್ ನಿಲ್ದಾಣಕ್ಕೆ ಹೋಗಿದ್ದೆವು. ಟ್ರಾಮಿಗೆ ಇನ್ನೂ ಆರು ನಿಮಿಷವಿತ್ತು. ಅತ್ತೆ ಚೀಲದಿಂದ ನೀರಿನ ಫ್ಲಾಸ್ಕ್ ತೆಗೆದು, ನಿಲ್ದಾಣದ ಹೊರಗಿನ ಕಾಲುದಾರಿಯ ಅಂಚಿಗೆ ಕೌನ್ಸಿಲ್‌ನವರು ನೆಟ್ಟಿದ್ದ ಹಾರ್ನ್‌ಬೀಮ್ ಎಂಬ ಮರದ ಒಂದು ಸಸಿಯ ಬುಡಕ್ಕೆ ಪೂರ್ತಿ ಸುರಿದರು. ಆಮೇಲೆ ಏನೂ ಆಗದವರಂತೆ ಮುಚ್ಚಳ ತಿರುಗಿಸಿದರು. ನಾನೂ ಹೆಂಡತಿಯೂ ಒಬ್ಬರ ಮುಖ ಒಬ್ಬರು ನೋಡಿದೆವು. ದಿನಾ ನಾನು ಕೆಲಸಕ್ಕೆ ಹೋಗುವಾಗ ಸೈಕಲ್ಲನ್ನು ಅದೇ ಸಸಿಯ ಆಧಾರದ ಗೂಟಕ್ಕೆ ಕಟ್ಟುತ್ತಿದ್ದೆ.

ಹಣ್ಣಿನ ಮರ ಆಗಿರಬೇಕಲ್ಲವೇ ಎಂದು ಕೇಳಿದೆ. ಅಲ್ಲಿ ಮಣ್ಣು ಸಡಿಲವಾಗಿತ್ತು, ಚಮಚದಲ್ಲಿ ಅಗೆಯಬಹುದಾದ ಜಾಗ ಅದೊಂದೇ ಇತ್ತು, ಎಂದರು ಅತ್ತೆ. ಆದರೂ ಅವರಿಗೆ ಒಳಗೊಳಗೇ ಕೊರಗಿತ್ತು. ತಿನ್ನಲು ಏನೂ ಕೊಡದ ಮರ. ವೀಡಿಯೋ ಕರೆಯಲ್ಲಿ ಅವ್ವನಿಗೆ ಈ ಕೊರಗನ್ನು ತಿಳಿಸಿದಾಗ ಅವಳು, ‘ಸರ್ಕಾರಿ ಮರ ಐತಿ. ಹುಡುಗಿಗೆ ಸರ್ಕಾರಿ ನೌಕರಿ ಸಿಗತೈತಿ’ ಎಂದಳು. ಅನುವಾದಿಸಿದೆ. ಅತ್ತೆ ಸ್ವಲ್ಪ ಯೋಚಿಸಿ, ಪೆನ್ಷನ್ ಇರುತ್ತದೆ, ಎಂದು ಸಮಾಧಾನಪಟ್ಟರು.

ಆ ಬೇಸಿಗೆ ಮಳೆಯೇ ಬರಲಿಲ್ಲ. ಸಸಿಯ ಎಲೆ ಬಾಡತೊಡಗಿದ ದಿನ ಮಗಳಿಗೆ ಜ್ವರ ಬಂತು. ಎರಡಕ್ಕೂ ಸಂಬಂಧವಿಲ್ಲವೆಂದು ನಾವಿಬ್ಬರೂ ಒಪ್ಪಿಕೊಂಡೆವು, ಒಪ್ಪಿಕೊಂಡ ಮೇಲೆ ನಾನು ಬಕೆಟ್ ತೆಗೆದುಕೊಂಡು ಹೋದೆ. ದಿನಕ್ಕೆರಡು ಸಲ ಹೋದೆ. ಒಂದು ಮರಕ್ಕೆ ಮಾತ್ರ ನೀರು ಹಾಕಿದರೆ ನೋಡಿದವರು ಏನೆಂದುಕೊಂಡಾರೆಂದು ಪಕ್ಕದ ನಾಲ್ಕಕ್ಕೂ ಹಾಕಿದೆ. ಜ್ವರ ಎರಡನೇ ದಿನ ಇಳಿಯಿತು, ಆದರೆ ಬಕೆಟ್ ನಿಲ್ಲಿಸುವ ಧೈರ್ಯ ನನಗೆ ಬರಲಿಲ್ಲ. ಒಂದು ಸಂಜೆ ನಾಯಿ ತಿರುಗಿಸುತ್ತಿದ್ದ ಹಿರಿಯರೊಬ್ಬರು ನನ್ನ ಕೈ ಕುಲುಕಿ, ಈ ಬೀದಿಯ ಮರಗಳ ಬಗ್ಗೆ ಕಾಳಜಿಯಿರುವ ಒಬ್ಬನಾದರೂ ಇದ್ದಾನಲ್ಲ ಎಂದು ಭಾವುಕರಾಗಿ, ತಮ್ಮ ಸ್ವಯಂಸೇವಕರ ಗುಂಪಿನ ಸಭೆಗೆ ಕರೆದರು. ನಿಜ ಹೇಳುವುದಕ್ಕಿಂತ ಸಭೆಗೆ ಹೋಗುವುದೇ ಸುಲಭವಾಗಿತ್ತು. ಮೂರನೆಯ ಸಭೆಯಲ್ಲಿ ನನ್ನನ್ನು ಕಾರ್ಯದರ್ಶಿ ಮಾಡಿದರು. ಈಗಲೂ ಆಗಿದ್ದೇನೆ.

ಮಗಳಿಗೆ ಈಗ ಐದು ವರ್ಷ. ಅವ್ವನ ಕನ್ನಡ ಪೂರ್ತಿ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅತ್ತೆಯ ಜೊತೆ ಮಾತ್ರ ಅತ್ತೆಯಂತೆಯೇ ಮಾತಾಡುತ್ತಾಳೆ. ಮೊನ್ನೆ ಶನಿವಾರ ಅವಳೂ ತನ್ನ ಪುಟ್ಟ ಬಾಟಲಿ ಹಿಡಿದು ಮರಕ್ಕೆ ನೀರು ಹಾಕಲು ನನ್ನ ಜೊತೆ ಬಂದಿದ್ದಳು. ಟ್ರಾಮಿಗೆ ಕಾಯುತ್ತಿದ್ದ ಒಬ್ಬ ಹೆಂಗಸು ಮರದ ಬುಡದಲ್ಲಿ ತನ್ನ ಸೂಟ್‌ಕೇಸ್ ನಿಲ್ಲಿಸಿದ್ದಳು. ಮಗಳು ಆಕೆಯ ಹತ್ತಿರ ಹೋಗಿ, ‘ನೀವು ನನ್ನ ಹೊಟ್ಟೆಯ ಮೇಲೆ ಸೂಟ್‌ಕೇಸ್ ಇಟ್ಟಿದ್ದೀರಿ’ ಎಂದಳು. ಹೆಂಗಸು ಮಗುವನ್ನೂ ಮರವನ್ನೂ ನನ್ನನ್ನೂ ನೋಡಿದಳು. ಆಕೆ ಕ್ಷಮೆ ಕೇಳಿ ಸೂಟ್‌ಕೇಸನ್ನು ಎರಡಡಿ ಆಚೆಗೆ ಎಳೆದುಕೊಂಡಳು.