ಮೇಷ್ಟ್ರು ಇಟ್ಟ ಏಳು ಎಡೆ

ನಮ್ಮ ಸೈನ್ಸ್ ಮೇಷ್ಟ್ರ ಬಲಗಿವಿಯ ಮೇಲೆ, ಬಡಗಿಯ ಪೆನ್ಸಿಲ್ಲಿನ ಹಾಗೆ, ಸದಾ ಒಂದು ಸೀಮೆಸುಣ್ಣದ ತುಂಡು ಇರುತ್ತಿತ್ತು. ಕಲ್ಯಾಣದುರ್ಗದ ಸಂತೆಗೂ ಹಾಗೇ ಬರುತ್ತಿದ್ದರು. ಬದನೆಕಾಯಿ ಆರಿಸುವಾಗ ಯಾರಾದರೂ ಚಂದ್ರನ ಬಗ್ಗೆ ಕೇಳಿದರೋ ಮುಗಿಯಿತು, ಅಲ್ಲೇ ಕೂತು ನೆಲದ ಮೇಲೆ ರಾಕೆಟ್ಟು ಬರೆದುಬಿಡುವರು! "ತಲೆ ಎತ್ತಿ ನೋಡಕ್ಕೆ ಯಾರಪ್ಪನ ಅಪ್ಪಣೆ ಬೇಕು ಕಣ್ರಮ್ಮ?" ಎಂದು ಕ್ಲಾಸಿನಲ್ಲಿ ಕೇಳುವರು. ಅದನ್ನು ನಂಬಿಯೇ ನಾನು ಹಿಂದೂಪುರದ ಕಾಲೇಜಿನಲ್ಲಿ ಸೈನ್ಸ್ ಓದಬೇಕೆಂದು ಆಸೆ ಕಟ್ಟಿಕೊಂಡದ್ದು.

ಎಂಬತ್ತಾರರಲ್ಲಿ, ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ, ಅಮೆರಿಕದ ಆಕಾಶನೌಕೆಯೊಂದು ಹಾರಿದ ಸ್ವಲ್ಪ ಹೊತ್ತಿಗೇ ಸಿಡಿದು, ಒಳಗಿದ್ದ ಏಳೂ ಜನ ಹೋಗಿಬಿಟ್ಟರು. ಅವರಲ್ಲೊಬ್ಬರು ಸ್ಕೂಲ್ ಟೀಚರಮ್ಮ. ರೇಡಿಯೊದಲ್ಲಿ ಕೇಳಿದ ಅಪ್ಪ ಹೌಹಾರಿದ. "ಅಷ್ಟು ಓದಿದೋಳೇ ಸುಟ್ಟೋದ್ಲು. ನಿನ್ಗೆ ಹತ್ತನೇ ಕ್ಲಾಸೇ ಸಾಕು. ಕಾಲೇಜು ಬ್ಯಾಡ, ವದ್ದಂಟೇ ವದ್ದು!" ಕೋಪ ಬಂದರೆ ಅಪ್ಪನಿಗೆ ತೆಲುಗೇ ಬರುವುದು. ನಾನು ಅತ್ತುಬಿಟ್ಟೆ. ಮೇಷ್ಟ್ರು ಎರಡು ಸಲ ಮನೆಗೆ ಬಂದು ಹೇಳಿದರು. ಅಪ್ಪ ಜಗ್ಗಲಿಲ್ಲ.

ಆ ವರ್ಷ ಪಿತೃಪಕ್ಷದ ಅಮಾವಾಸ್ಯೆಗೆ ಮೇಷ್ಟ್ರು ನಮ್ಮ ಕ್ಲಾಸಿನ ಆರು ಮಕ್ಕಳ ಜೊತೆ ನನ್ನನ್ನೂ ಅಪ್ಪನನ್ನೂ ಊಟಕ್ಕೆ ಕರೆದರು. ತಿಥಿಗಿಥಿ ಎಂದರೆ ನಗುತ್ತಿದ್ದ ಮನುಷ್ಯ, ಆ ಏಳು ಜನರ ಹೆಸರಿನಲ್ಲಿ ಏಳು ಮುತ್ತುಗದ ಎಲೆ ಹಾಕಿ, ಮುದ್ದೆ, ಸೊಪ್ಪಿನ ಸಾರು, ಒಬ್ಬಟ್ಟು ಬಡಿಸಿ ಎಡೆ ಇಟ್ಟಿದ್ದರು! ಅಪ್ಪ ಕಿಸಕ್ಕನೆ ನಕ್ಕ.

"ಅವ್ರು ಮುದ್ದೆ ಉಣ್ತಾರಾ ಸಾರ್?"

"ಅಷ್ಟು ದೂರ ಹೊಂಟೋರ್ಗೆ ಹಸಿವಾಗಿರಲ್ವೇನಪ್ಪ? ಉಣ್ತಾರೆ." ಮೇಷ್ಟ್ರು ಎಲೆಗಳ ಕಡೆ ಕೈ ತೋರಿಸಿದರು. "ಎಡೆ ಎತ್ತಕ್ಕೆ ಮಕ್ಳು ಬೇಕಲ್ಲ. ಅವ್ರ ಕೆಲ್ಸ ಮುಂದಕ್ಕೆ ತಗೊಂಡೋಗೋರೇ ಅವ್ರ ಮಕ್ಳು. ಟೀಚರಮ್ಮನ್ದು ನಿನ್ ಮಗ್ಳು ಎತ್ಲಿ."

ನಮ್ಮಲ್ಲಿ ಎಡೆ ಎತ್ತುವವರು ಗಂಡುಮಕ್ಕಳು. ಎತ್ತಿ ಉಂಡವರು ಸತ್ತವರ ಜವಾಬ್ದಾರಿಗೆ ಹೆಗಲು ಕೊಟ್ಟಂತೆ. ಅಪ್ಪನಿಗೆ ಅದು ಚೆನ್ನಾಗಿ ಗೊತ್ತು. ಎಲೆ ನೋಡಿದ, ನನ್ನ ಮುಖ ನೋಡಿದ. "ಒಳ್ಳೆ ಕಿಲಾಡಿ ಸಾರ್ ನೀವು," ಎಂದು ಗೊಣಗಿ ನನ್ನ ಕಡೆ ತಿರುಗಿದ. "ಎತ್ತವ್ವ, ತಣ್ಣಗಾಯ್ತದೆ."

ಅಂಥ ರುಚಿಯ ಮುದ್ದೆ ನಾನು ಮತ್ತೆ ಉಂಡಿಲ್ಲ.

ಹಿಂದೂಪುರದಲ್ಲಿ ಓದಿದೆ, ಅಲ್ಲೇ ಫಿಸಿಕ್ಸ್ ಟೀಚರಾದೆ. ಮೇಷ್ಟ್ರು ತೀರಿಕೊಂಡ ವರ್ಷ, ಅಮಾವಾಸ್ಯೆಗೆ ಎರಡು ದಿನ ಮೊದಲು ಅಪ್ಪ ಬಸ್ಸು ಹತ್ತಿ ನನ್ನ ಸ್ಕೂಲಿಗೇ ಬಂದ.

"ಲೀವ್ ಹಾಕಿ ಬಾರವ್ವ. ನಮ್ಮನೇಲಿ ಮೇಷ್ಟ್ರಿಗೆ ಎಡೆ ಇಕ್ತಾ ಇವ್ನಿ. ಎತ್ತೋಳು ನೀನೇ ಅಲ್ವಾ?"